ಟವೆಲ್ ಕೆಳಗೆ ಒತ್ತಿದ ಬೆರಳು

ನಮ್ಮ ಸೋದರಮಾವ ದನದ ದಲ್ಲಾಳಿ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ನಲವತ್ತು ವರ್ಷ ವ್ಯಾಪಾರ ಕುದುರಿಸಿದವರು. ಅಲ್ಲಿ ಬಾಯಿಬಿಟ್ಟು ಬೆಲೆ ಹೇಳುವ ಹಾಗಿಲ್ಲ. ಕೈ ಮೇಲೆ ಟವೆಲ್ ಹಾಕಿಕೊಂಡು, ಅದರ ಮರೆಯಲ್ಲಿ ಎದುರಿನವರ ಬೆರಳು ಒತ್ತಿಯೇ ಹೇಳಬೇಕು. ಮಾವ ಬೆರಳು ಒತ್ತಿದರೆ ಮುಗಿಯಿತು, ಮಾತು ತಪ್ಪುವವರಲ್ಲ ಎಂದು ಸುತ್ತಮುತ್ತ ಹೆಸರು. ಸಂಪಾದಿಸಿದ್ದು ಆ ಹೆಸರೊಂದನ್ನೇ.

ಹೋದ ವರ್ಷ ಅವರ ಹಳೇ ಫೋನು ನೀರಿನ ತೊಟ್ಟಿಗೆ ಬಿತ್ತು. ಪಾಲಹಳ್ಳಿಯ ನಮ್ಮ ಮನೆಗೆ ಬೆಳಗ್ಗೆಯೇ ಬಂದರು. "ಒಂದು ಟಚ್ ಫೋನು ಕೊಡ್ಸ್ಲಾ. ಸುಮ್ಕೆ ದುಡ್ಡು ಸುರಿಯಾಕೆ ಮಾತ್ರ ನಾನು ಒಲ್ಲೆ."

ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಫೋನಿನ ಬೆನ್ನು ತಡವಿ, "ಇದಕ್ಯಾಕ್ಲಾ ಮೂರು ಕಣ್ಣು? ಎಲ್ಡರಲ್ಲೇ ನಾನು ಇಷ್ಟ್ ವರ್ಸ ನೋಡಿಲ್ವಾ?" ಅಂದರು. ಪಾಂಡವಪುರದಲ್ಲಿ ಎಂಟು ಸಾವಿರಕ್ಕೆ ಒಳ್ಳೆಯದೇ ಸಿಕ್ಕಿತು. ಬಿಲ್ಲು, ವಾರಂಟಿ ಎಲ್ಲ ಇತ್ತು. ಆದರೆ ಅಂಗಡಿಯಾಕೆ ಹತ್ತು ರೂಪಾಯಿಯನ್ನೂ ಬಿಡಲಿಲ್ಲ. "ಚೌಕಾಸಿ ಇಲ್ದೆ ಎಂತಾ ಯಾಪಾರ, ನಡಿ" ಎಂದು ಮಾವ ಹೊರಟೇಬಿಟ್ಟರು. ನಾನು ಹಟ ಹಿಡಿದು ಅಲ್ಲೇ ಕೊಡಿಸಬೇಕಿತ್ತು.

ಕೆ.ಆರ್. ಪೇಟೆಯ ರಸ್ತೆ ಬದಿಯಲ್ಲಿ ಒಬ್ಬ ಮೇಜು ಹಾಕಿಕೊಂಡು ಕೂತಿದ್ದ. ಆರು ಸಾವಿರಕ್ಕೆ ಫೋನು, ಜೊತೆಗೆ ಸಿಮ್ಮು ಪುಕ್ಕಟೆ. ಆಧಾರ್ ಕಾರ್ಡ್ ಇಸಿದುಕೊಂಡು, ಹೆಬ್ಬೆಟ್ಟಿನ ಗುರುತು ಹಿಡಿಯುವ ಸಣ್ಣ ಮಿಷನ್ನು ಮುಂದಿಟ್ಟ.

"ಬೆರಳು ಕೊಡಿ ಯಜಮಾನ್ರೇ. ಬಿಸಿಲಿಗೆ ತಗೊಳ್ಳಕಿಲ್ಲ, ಬಟ್ಟೆ ಮರೆ ಮಾಡಿ."

ಮಾವನ ಮುಖ ಅರಳಿತು. ಹೆಗಲ ಟವೆಲ್ ತೆಗೆದು ಕೈ ಮೇಲೆ ಹಾಕಿಕೊಂಡು ಒತ್ತಿದರು.

"ತಗೊಳ್ಳಿಲ್ಲ. ಇನ್ನೊಂದ್ಸಲ ಒತ್ತಿ, ಇನ್ನೂರು ಬಿಡ್ತೀನಿ."

ಒತ್ತಿದರು. ಮತ್ತೆ ಇನ್ನೂರು. ಮತ್ತೆ ಒತ್ತು. ಟವೆಲಿನ ನೂಲಿನ ಸಂದಿಯಿಂದ ಕೆಂಪು ಬೆಳಕು ಹತ್ತಿ ಆರುತ್ತಿತ್ತು. ಆ ಮನುಷ್ಯ ಒಂದು ಸಲವೂ ಮಾವನ ಮುಖ ನೋಡಲಿಲ್ಲ. "ಸಾಕು ಬುಡಿ ಮಾವ" ಅಂದೆ.

"ಸುಮ್ನಿರ್ಲಾ, ಇಳೀತಾವ್ನೆ!"

ಐದು ಸಾವಿರದ ಇನ್ನೂರಕ್ಕೆ ಇಳಿಸಿಯೇ ಬಿಟ್ಟರು. ಊರೆಲ್ಲ ಹೇಳಿಕೊಂಡು ಬಂದರು.

ತಿಂಗಳಾಗಿರಲಿಲ್ಲ, ನಾಗಮಂಗಲದ ಸ್ಟೇಷನ್ನಿನಿಂದ ಕರೆ ಬಂತು. ಇಬ್ಬರೂ ಹೋದೆವು. ಯಾರೋ ಫೋನು ಮಾಡಿ, ಬ್ಯಾಂಕಿನವರು ಅಂತ ನಂಬಿಸಿ, ಒಬ್ಬ ಹೆಂಗಸಿನ ದುಡ್ಡೆಲ್ಲ ಬಳಿದುಕೊಂಡಿದ್ದರು. ಆ ನಂಬರು ಮಾವನ ಹೆಸರಲ್ಲಿತ್ತು. ಆಕೆ ಮೂಲೆಯ ಬೆಂಚಿನ ಮೇಲೆ ಕೂತು ಮಾವನನ್ನೇ ನೋಡುತ್ತಿದ್ದಳು.

"ನನ್ನದು ಇದೊಂದೇ ನಂಬ್ರು ಕಣಪ್ಪ" ಎಂದು ಮಾವ ಫೋನು ತೋರಿಸಿದರು.

ಪೇದೆ ಮೆಲ್ಲಗೆ ಕೇಳಿದರು: "ಸಿಮ್ ತಗೊಳೋವಾಗ ಎಷ್ಟು ಸಲ ಒತ್ತಿದ್ರಿ ಅಜ್ಜ?"

ಮಾವ ನನ್ನ ಕಡೆ ತಿರುಗಿದರು. ನಾನೂ ಲೆಕ್ಕ ಹಾಕುತ್ತಿದ್ದೆ.

"ಐದು" ಅಂದರು ಮಾವ.

"ಒಂದೊಂದು ಒತ್ತಿಗೂ ನಿಮ್ಮ ಹೆಸ್ರಲ್ಲಿ ಒಂದೊಂದು ಸಿಮ್ಮು ತೆಗ್ದವ್ನೆ. ಒಂದು ನಿಮ್ಮ ಕೈಲೈತೆ. ಒಂದು ಇಲ್ಲಿ ಸಿಕ್ತು. ಇನ್ನೂ ಮೂರು ಎಲ್ಲಿ ಅವೋ ಗೊತ್ತಿಲ್ಲ. ಯಾವ ಊರಿಂದ ಕರೆದ್ರೂ ಇಂಗೇ ಬರಬೇಕಾಯ್ತದೆ."

ಪೇದೆ ಪುಸ್ತಕ ತೆರೆದು, ತಂದೆಯ ಹೆಸರು, ಊರಿನ ಹೆಸರು ಕೇಳಿಕೊಂಡು, ಮಾವನ ಹೆಸರನ್ನು ಪೂರ್ತಿಯಾಗಿ ಬರೆದುಕೊಂಡರು.