ಬ್ಲೂಮಾಳ ಮಗ ನಫ್ತಾಲಿ

ತ್ಸಫಾತ್ ಊರಿನ ಮೇಲ್ಬೀದಿಯಲ್ಲಿ ಬ್ಲೂಮಾಳ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ಇಪ್ಪತ್ತೆರಡು ಬೇಸಿಗೆಗಳಿಂದ ಅವಳು ಅಲ್ಲಿನ ಯೆಹೂದಿ ಹುಡುಗಿಯರ ಶಿಬಿರದಲ್ಲಿ ಅಡುಗೆ ಮಾಡುತ್ತಿದ್ದಳು. ಅಮೆರಿಕದಿಂದಲೋ ಲಂಡನ್ನಿನಿಂದಲೋ ಬಂದಿಳಿಯುವ ನಲವತ್ತು ಹುಡುಗಿಯರು, ಹದಿನೈದು ಹದಿನಾರರ ವಯಸ್ಸು. ಬೆಳಿಗ್ಗೆ ಧರ್ಮಗ್ರಂಥದ ಪಾಠ, ಮಧ್ಯಾಹ್ನ ಹೊಳೆಯಲ್ಲಿ ಈಜು, ಗುಡ್ಡ ಹತ್ತುವುದು, ಸಂಜೆ ಹಾಡು. ಹಸಿವು ಮಾತ್ರ ಮೂರು ಹೊತ್ತೂ. ಹಾಲೂ ಮಾಂಸವೂ ಒಂದಕ್ಕೊಂದು ತಾಗಬಾರದ ಆ ಅಡುಗೆಮನೆಯಲ್ಲಿ ಮಾಂಸದ ಪಾತ್ರೆಗೆ ಹಾಲಿನ ಸೌಟು ಹಾಕಿದ ಹುಡುಗಿಯನ್ನು ಬ್ಲೂಮಾ ತರಾಟೆಗೆ ತೆಗೆದುಕೊಂಡರೆ ಕೆಳಗಿನ ಗೋರಿಗುಡ್ಡದವರೆಗೂ ಕೇಳಿಸುತ್ತಿತ್ತು.

"ಲೇ, ನಿಮ್ಮಮ್ಮ ನಿನ್ನನ್ನ ಓದೋಕೆ ಕಳಿಸಿದಾಳೋ, ನನ್ನ ಪಾತ್ರೆ ಕೆಡಿಸೋಕೆ ಕಳಿಸಿದಾಳೋ?"

"ಓದೋಕೆ, ಬ್ಲೂಮತ್ತೆ."

"ಬೆಳಿಗ್ಗೆಯಿಂದ ಏನು ಓದಿದೆ ಹಾಗಾದ್ರೆ? ಹಾಲಿನದು ಯಾವುದು, ಮಾಂಸದ್ದು ಯಾವುದು ಅನ್ನೋದು ಆ ಪುಸ್ತಕದಲ್ಲಿ ಇಲ್ವಾ? ಇಡು ಇಲ್ಲಿ. ಹೋಗಾಚೆ."

ಬೈಸಿಕೊಂಡ ಹುಡುಗಿಗೆ ಸಂಜೆ ಎಲ್ಲರಿಗಿಂತ ದೊಡ್ಡ ತುಂಡು ಕೇಕು ಸಿಗುತ್ತಿತ್ತು. ಈ ಗುಟ್ಟು ವರ್ಷದಿಂದ ವರ್ಷಕ್ಕೆ ಹುಡುಗಿಯರ ಬಾಯಿಂದ ಬಾಯಿಗೆ ದಾಟಿ, ಕೆಲವರು ಬೇಕೆಂತಲೇ ಬೈಸಿಕೊಳ್ಳಲು ಬರುತ್ತಿದ್ದರು.

ಅವಳಿಗಿದ್ದವನು ಒಬ್ಬನೇ ಮಗ, ನಫ್ತಾಲಿ. ಒಂಬತ್ತನೇ ವಯಸ್ಸಿನಲ್ಲಿ ಮೆಟ್ಟಿಲು ಹತ್ತುವಾಗ ಮುಗ್ಗರಿಸತೊಡಗಿದ. ಮೈಯ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ ಎಂದರು ವೈದ್ಯರು. ಹನ್ನೊಂದಕ್ಕೆ ಗಾಲಿಕುರ್ಚಿ ಬಂತು. ಅದೇ ವರ್ಷ ಅವನ ಅಪ್ಪ ಪಿನ್ಹಾಸ್ ಮದುವೆಯ ಬಿಡುಗಡೆಯ ಪತ್ರವನ್ನು ಬ್ಲೂಮಾಳ ಕೈಗಿಟ್ಟು ಆಂಟ್ವರ್ಪಿಗೆ ಹೋದ. ಹೋದವನು ತಿರುಗಿ ನೋಡಲಿಲ್ಲ. ಮಗನಿಗೆ ಉಣಿಸಿದವಳು, ಎತ್ತಿ ಮಲಗಿಸಿದವಳು, ರಾತ್ರಿಯೆಲ್ಲ ಮಗ್ಗುಲು ಬದಲಿಸಿದವಳು, ಬೈದವಳು, ಮುದ್ದಿಸಿದವಳು, ಎಲ್ಲ ಬ್ಲೂಮಾಳೇ. ಅವಳ ಬೆನ್ನು ನಲವತ್ತಕ್ಕೇ ಬಾಗಿತು.

ಬೇಸಿಗೆ ಬಂತೆಂದರೆ ನಫ್ತಾಲಿ ಶಿಬಿರದ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಗಂಡುಹುಡುಗರು ಗೇಟಿನೊಳಗೆ ಕಾಲಿಡಬಾರದು ಎಂಬ ಕಟ್ಟುನಿಟ್ಟು ಅಲ್ಲಿತ್ತು. "ನಾನೆಲ್ಲಿ ಕಾಲಿಟ್ಟೆ? ಕಾಲಿಡೋಕೆ ಬಂದಿದ್ರೆ ಈ ಅಮ್ಮನ ಕೈಗೆ ಸಿಗ್ತಿದ್ನಾ?" ಎಂದು ತಾನೇ ನಗುತ್ತಿದ್ದ. ಹುಡುಗಿಯರ ಹೀಬ್ರೂ ಉಚ್ಚಾರಣೆಯನ್ನು ಅಣಕಿಸುತ್ತಿದ್ದ. ಅವನ ತೊಡೆಯ ಮೇಲೆ ಬಟಾಣಿಯ ತಟ್ಟೆ ಇಟ್ಟರೆ ಇನ್ನೂ ಆಡುತ್ತಿದ್ದ ಎರಡು ಬೆರಳುಗಳಿಂದ ಗಂಟೆಗಟ್ಟಲೆ ಸುಲಿಯುತ್ತಿದ್ದ.

ಶುಕ್ರವಾರ ಬೆಳಿಗ್ಗೆ, ಅಂದು ಸಂಜೆಗೇ ಶುರುವಾಗುವ ಸಬ್ಬತ್ತಿನ ವಿಶ್ರಾಂತಿ ದಿನದ ರೊಟ್ಟಿಗೆ ಹಿಟ್ಟು ನಾದುವ ಕೆಲಸ. ನಾದಿದ ಹಿಟ್ಟಿನಿಂದ ನಿಂಬೆಕಾಯಿಯಷ್ಟು ಕಿತ್ತು ದೇವರ ಪಾಲೆಂದು ಬೇರೆ ಇಟ್ಟು ಸುಡಬೇಕು. ಆ ಗಳಿಗೆಯಲ್ಲಿ ಹೆಂಗಸರು ಏನು ಕೇಳಿದರೂ ಮೇಲಿನವನ ಕಿವಿಗೆ ಬೀಳುತ್ತದೆ ಎಂಬುದು ನಮ್ಮ ತಾಯಂದಿರ ನಂಬಿಕೆ. ಅದಕ್ಕೇ ಅಡುಗೆಮನೆಯ ಗೋಡೆಗೆ ಕಾಯಿಲೆಯವರ ಹೆಸರುಗಳ ಒಂದು ಪಟ್ಟಿ ಅಂಟಿಸಿರುತ್ತಿದ್ದರು. ಒಬ್ಬ ಹುಡುಗಿ ಓದುವುದು, ಮಿಕ್ಕವರು "ಆಮೆನ್" ಎನ್ನುವುದು. ಬದುಕಿರುವ ರೋಗಿಗಾಗಿ ಬೇಡುವಾಗ ಅವನ ತಾಯಿಯ ಹೆಸರು ಹಿಡಿಯಬೇಕು. ಸತ್ತವನನ್ನು ನೆನೆಯುವಾಗ ತಂದೆಯ ಹೆಸರು. ಪಟ್ಟಿಯ ಮೊದಲ ಸಾಲು ಪ್ರತಿವರ್ಷ ಒಂದೇ: ಬ್ಲೂಮಾಳ ಮಗ ನಫ್ತಾಲಿ.

ಹದಿನೆಂಟು ತುಂಬಿದ ವರ್ಷದ ಚಳಿಗಾಲದಲ್ಲಿ ನಫ್ತಾಲಿ ತೀರಿಕೊಂಡ. ಎದೆಗೆ ನೆಗಡಿ ಇಳಿದಿತ್ತು, ಕೆಮ್ಮಿ ಹೊರಹಾಕುವ ಶಕ್ತಿ ಇರಲಿಲ್ಲ, ಅಷ್ಟೇ. ಹೂಳುವ ಸಂಘದವನು ಪುಸ್ತಕ ಬಿಚ್ಚಿ ಕೇಳಿದ:

"ಹುಡುಗನ ತಂದೆ ಹೆಸರು?"

"ತಾಯಿ ನಾನು. ಬ್ಲೂಮಾ."

"ಅದು ಗೊತ್ತಮ್ಮ. ತಂದೆ ಹೆಸರು ಹೇಳಿ, ಬರ್ಕೋಬೇಕು."

ಹೇಳಿದಳು. ಕಲ್ಲಿನ ಮೇಲೆ ಕೆತ್ತಿದ್ದೂ ಅದನ್ನೇ: ಪಿನ್ಹಾಸನ ಮಗ ನಫ್ತಾಲಿ. ಏಳು ದಿನ ಕುಳ್ಳ ಪೀಠದ ಮೇಲೆ ಕೂತು ಸೂತಕ ಆಚರಿಸಿದ ಬ್ಲೂಮಾಳಿಗೆ ಮಗ ಸತ್ತದ್ದು ಒಂದು ಸಂಕಟವಾದರೆ, ಒಂದು ದಿನವೂ ಅವನ ಬಾಯಿಗೆ ನೀರು ಬಿಡದವನ ಹೆಸರು ಅವನ ತಲೆಯ ಮೇಲೆ ಕೂತದ್ದು ಇನ್ನೊಂದು ಸಂಕಟವಾಯಿತು.

ಚಳಿಗಾಲದಲ್ಲಿ ಶಿಬಿರದ ಕಟ್ಟಡಕ್ಕೆ ಬೀಗ, ನಡೆಸುವವರೆಲ್ಲ ನ್ಯೂಯಾರ್ಕಿನಲ್ಲಿ. ಬೇಸಿಗೆಗೆ ಬಂದವರು ಹಳೆಯ ಪಟ್ಟಿಯನ್ನೇ ಹೊಸ ಹಾಳೆಗೆ ಇಳಿಸಿ ಗೋಡೆಗೆ ಅಂಟಿಸಿದರು. ತೆಗೆಸಬೇಕೆಂದು ಬ್ಲೂಮಾ ಎರಡು ಸಲ ಬಾಯಿ ತೆರೆದಳು. ಅಷ್ಟರಲ್ಲಿ ಶುಕ್ರವಾರ ಬಂತು. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಒಬ್ಬ ಹೊಸ ಹುಡುಗಿ ಗಂಟಲೆತ್ತಿ ಓದಿದಳು: "ಬ್ಲೂಮಾಳ ಮಗ ನಫ್ತಾಲಿ!" ನಲವತ್ತು ಕಂಠಗಳು "ಆಮೆನ್" ಎಂದವು. ಆರು ತಿಂಗಳಿಂದ ಯಾರೂ ಆ ಎರಡು ಹೆಸರುಗಳನ್ನು ಒಟ್ಟಿಗೆ ಹೇಳಿರಲಿಲ್ಲ. ಬ್ಲೂಮಾ ಹಿಟ್ಟಿನೊಳಗೆ ಮೊಣಕೈವರೆಗೆ ಕೈ ಹೂತು ನಿಂತುಬಿಟ್ಟಳು. ಮಗನೆಲ್ಲಿ ಎಂದು ಯಾರೋ ಕೇಳಿದಾಗ ಬಾಯಿಗೆ ಬಂದದ್ದನ್ನು ಹೇಳಿದಳು: "ಹೈಫಾದಲ್ಲಿ. ಡಾಕ್ಟ್ರು ಅಲ್ಲೇ ಇಟ್ಕೊಂಡಿದಾರೆ."

ಶಿಬಿರದ ಕಾವಲುಗಾರ ಯೆಕೂತಿಯೇಲ್ ಊರಿನವನು, ಶವ ಹೊತ್ತವರಲ್ಲೊಬ್ಬ. ಅವನು ಎಲ್ಲವನ್ನೂ ನೋಡಿ ಹೊಟ್ಟೆಗೆ ಹಾಕಿಕೊಂಡ. ಹೀಗೆ ಒಂದು ಬೇಸಿಗೆಯ ಸುಳ್ಳು ಆರು ಬೇಸಿಗೆ ನಡೆಯಿತು. ಹೋದ ಹುಡುಗಿಯರು ಆ ಹೆಸರನ್ನು ತಮ್ಮ ತಮ್ಮ ಊರಿಗೂ ಒಯ್ದರು. ಒಬ್ಬಿಬ್ಬರು ಕಾಗದ ಬರೆದು ಹೇಗಿದ್ದಾನೆ ಎಂದು ಕೇಳಿದರು. ಬ್ಲೂಮಾ ಒಂದೇ ಸಾಲು ಉತ್ತರ ಬರೆದಳು: ಹೆಸರು ಹೇಳುವುದನ್ನು ಬಿಡಬೇಡಿ.

ಏಳನೇ ಬೇಸಿಗೆಗೆ ಟೋವಿ ಬಂದಳು. ನಫ್ತಾಲಿಯ ಕೊನೆಯ ಬೇಸಿಗೆಯಲ್ಲಿ ಹದಿನಾರರ ಹುಡುಗಿಯಾಗಿ ಬಂದಿದ್ದವಳು, ಅವನ ಕೈಯಲ್ಲಿ ದಿನವೂ ಚದುರಂಗ ಸೋತವಳು, ಈಗ ಇಪ್ಪತ್ತಮೂರರ ಪಾಠದ ಅಕ್ಕನಾಗಿ ಬಂದಿದ್ದಳು. ಬಂದವಳೇ ಬ್ಲೂಮಾಳನ್ನು ತಬ್ಬಿಕೊಂಡು, ಗಾಲಿಕುರ್ಚಿ ಇರುತ್ತಿದ್ದ ಬಾಗಿಲನ್ನು ನೋಡಿ ಕಣ್ಣು ತುಂಬಿಕೊಂಡಳು. ಬ್ಲೂಮಾ ಅದನ್ನು ಕಂಡಳು. ಆದರೂ "ಏನೇ ಇದು, ಇನ್ನೂ ಮದುವೆ ಇಲ್ವಾ? ನ್ಯೂಜೆರ್ಸೀಲಿ ಗಂಡುಗಳೆಲ್ಲ ಸತ್ತೋದ್ರಾ?" ಎಂದು ಬಾಯಿ ಮಾಡಿ ಆ ಗಳಿಗೆ ದಾಟಿಸಿದಳು.

ಬುಧವಾರ ಸಂಜೆ ಚಾಕಲೇಟ್ ಕೇಕು ಮಾಡಿದ್ದಳು. ಟೋವಿ ತಟ್ಟೆಯನ್ನು ಪಕ್ಕದವಳ ಕಡೆ ತಳ್ಳಿದಳು.

"ಸೊಂಟ ಸಣ್ಣ ಮಾಡ್ಕೊಳ್ತಿದೀಯಾ? ಇರೋದೇ ಇಷ್ಟಿದೀಯ, ಗಾಳಿ ಬಂದ್ರೆ ಹಾರಿ ಹೋಗ್ತೀಯ."

"ಅದಲ್ಲ ಬ್ಲೂಮತ್ತೆ. ನಂದೊಂದು ಹರಕೆ ಇದೆ. ಆ ವರ್ಷ ಕೊನೇ ಶುಕ್ರವಾರ ಹಿಟ್ಟಿನ ಮುಂದೆ ಮನಸ್ಸಲ್ಲೇ ಕಟ್ಕೊಂಡೆ. ನಫ್ತಾಲಿಗೆ ಗುಣ ಆಗೋವರೆಗೂ ಚಾಕಲೇಟ್ ಮುಟ್ಟಲ್ಲ ಅಂತ." ಅವಳು ನಾಚಿಕೊಂಡು ನಕ್ಕಳು. "ಚಿಕ್ಕ ಹುಡುಗಿ ಬುದ್ಧಿ. ಆಗ ಅದಕ್ಕಿಂತ ದೊಡ್ಡದು ನನ್ನ ಹತ್ರ ಏನೂ ಇರಲಿಲ್ಲ. ಭಾನುವಾರ ಹುಡುಗಿಯರನ್ನ ಸಮುದ್ರ ತೋರಿಸೋಕೆ ಹೈಫಾಕ್ಕೆ ಕರ್ಕೊಂಡು ಹೋಗ್ತಿದೀವಲ್ಲ, ಅವನನ್ನೂ ನೋಡ್ಕೊಂಡು ಬರ್ತೀನಿ. ಯಾವ ಆಸ್ಪತ್ರೆ ಹೇಳಿ."

"ಹೇಳ್ತೀನಿ," ಎಂದಳು ಬ್ಲೂಮಾ. ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಗುರುವಾರ ಅವಳು ಸೂಪಿಗೆ ಎರಡು ಸಲ ಉಪ್ಪು ಹಾಕಿದಳು. ಬೈಸಿಕೊಳ್ಳಲು ಬಂದ ಹುಡುಗಿಯನ್ನು ಬೈಯದೆ ಕಳಿಸಿದಳು. ಅದನ್ನು ಕಂಡು ಯೆಕೂತಿಯೇಲ್ ತಾನೇ ಅಡುಗೆಮನೆಗೆ ಬಂದ.

"ನೋಡಮ್ಮ, ಆರು ವರ್ಷ ನಾನು ಬಾಯಿ ಬಿಡಲಿಲ್ಲ. ಅದ್ರಿಂದ ಯಾರಿಗೂ ಏನೂ ಹೋಗೋದಿಲ್ಲ ಅಂದ್ಕೊಂಡಿದ್ದೆ. ಆ ಮಗು ಹರಕೆ ಹೊತ್ಕೊಂಡು ಕೂತಿದೆಯಂತೆ."

"ಚಾಕಲೇಟ್ ತಾನೇ ಯೆಕೂತಿಯೇಲ್? ಅನ್ನ ಬಿಟ್ಟಿಲ್ವಲ್ಲ."

"ಗುಣ ಆಗೋವರೆಗೂ ಅಂದಿದಾಳೆ. ಅವನಿಗೆ ಯಾವತ್ತು ಗುಣ ಆಗುತ್ತೆ, ನೀನೇ ಹೇಳು."

ಬ್ಲೂಮಾ ಸೂಪಿನ ಪಾತ್ರೆಗೆ ಮುಚ್ಚಳ ಹಾಕಿದಳು. ಅವನು ಹೋದ ಮೇಲೆ ಗೋಡೆಯ ಹಾಳೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಆ ಒಂದು ಸಾಲು ಬಿಟ್ಟರೆ ಅವಳು ತಾಯಿಯಾಗಿದ್ದಳು ಎಂಬುದಕ್ಕೆ ಲೋಕದಲ್ಲಿ ಬರಹದ ಗುರುತೇ ಇರಲಿಲ್ಲ. ಅದನ್ನು ಬಿಡುವುದೆಂದರೆ ಅವಳಿಗೆ ಕರುಳು ಕಿತ್ತು ಕೊಟ್ಟಂತೆ.

ಶುಕ್ರವಾರ ಬೆಳಿಗ್ಗೆ ಹುಡುಗಿಯರು ಬರುವ ಮೊದಲು ಟೋವಿಯನ್ನು ಒಳಗೆ ಕರೆದು ಬಾಗಿಲು ಮುಚ್ಚಿದಳು.

"ಅವನು ಹೈಫಾದಲ್ಲಿ ಇಲ್ಲ ಕಣೇ. ಕೆಳಗಿನ ಗುಡ್ಡದಲ್ಲಿದಾನೆ. ನೀನು ಊರಿಗೆ ಹೋದ ಮೇಲೆ ಬಂದ ಚಳಿಗಾಲದಲ್ಲೇ."

ಟೋವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ದನಿ ಏರಿತು.

"ನೀವು ನನಗೆ ಕಾಗದ ಬರೆದ್ರಿ. ಹೆಸರು ಬಿಡಬೇಡ ಅಂತ ಬರೆದ್ರಿ! ನಮ್ಮೂರಲ್ಲಿ ಪ್ರತಿ ಶುಕ್ರವಾರ ಮೂವತ್ತು ಹೆಂಗಸರು ಅವನ ಹೆಸರು ಹೇಳ್ತಾರೆ. ನಾನೇ ಹೇಳಿಸ್ತೀನಿ. ಸತ್ತವನಿಗೆ ಗುಣ ಮಾಡು ಅಂತ ದೇವರ ಹತ್ರ ಕೇಳಿದ್ನಾ ನಾನು, ಇಷ್ಟು ವರ್ಷ?"

"ಪಾಪ ನಂದು. ನಿನ್ನದಲ್ಲ."

"ಯಾಕೆ ಹಾಗೆ ಮಾಡಿದ್ರಿ ಬ್ಲೂಮತ್ತೆ?"

"ಸತ್ತ ಅಂದ ತಕ್ಷಣ ಪಿನ್ಹಾಸನ ಮಗ ಆಗ್ಬಿಟ್ಟ ಕಣೇ. ಅವನ ಕಲ್ಲು ನೋಡು ಹೋಗಿ, ನಾನಿಲ್ಲ ಅಲ್ಲಿ. ಹಡೆದಿದ್ದು ನಾನು, ಹೊತ್ತಿದ್ದು ನಾನು. ನಿಮ್ಮ ಬಾಯಲ್ಲಿ ಮಾತ್ರ ಇನ್ನೂ ನನ್ನ ಮಗ ಆಗಿದ್ದ. ಬಿಡೋಕಾಗಲಿಲ್ಲ."

ಟೋವಿ ಹೊರಗೆ ಹೋದಳು. ಅವಳು ಗೋರಿಗುಡ್ಡದ ಮೆಟ್ಟಿಲು ಇಳಿಯುವುದನ್ನು ಬ್ಲೂಮಾ ಕಿಟಕಿಯಿಂದ ನೋಡಿದಳು. ಇನ್ನು ಈ ಹುಡುಗಿ ನನ್ನ ಮುಖ ನೋಡುವುದಿಲ್ಲ ಎಂದುಕೊಂಡೇ ಹಿಟ್ಟಿಗೆ ಕೈ ಹಾಕಿದಳು.

ಹತ್ತು ಗಂಟೆಗೆ ನಲವತ್ತು ಹುಡುಗಿಯರೂ ಅಡುಗೆಮನೆ ತುಂಬಿದಾಗ ಟೋವಿ ವಾಪಸು ಬಂದಳು. ಚಪ್ಪಲಿಯೆಲ್ಲ ಧೂಳು, ಕಣ್ಣು ಕೆಂಪು. ಗೋಡೆಯ ಹಾಳೆಯನ್ನು ತಾನೇ ಬಿಡಿಸಿ ಕೈಯಲ್ಲಿ ಹಿಡಿದು, ಎರಡನೇ ಸಾಲಿನಿಂದ ಓದಿದಳು. ಹುಡುಗಿಯರು ಆಮೆನ್ ಎಂದರು. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಬ್ಲೂಮಾ ಮಾತ್ರ ಬರದ ಹೆಸರಿಗೆ ಕಿವಿಗೊಟ್ಟು ಕಾಯುತ್ತಲೇ ಇದ್ದಳು. ಪಟ್ಟಿ ಮುಗಿಯಿತು, ಹಿಟ್ಟಿನ ಮುದ್ದೆಯನ್ನು ಬೆಂಕಿಗೆ ಹಾಕಿದರು.

ಹರಕೆ ಬಿಡಿಸಲು ಮೂವರು ಗಂಡಸರು ಬೇಕು. ಯೆಕೂತಿಯೇಲ್ ಪ್ರಾರ್ಥನಾಮಂದಿರದಿಂದ ಇಬ್ಬರು ಮುದುಕರನ್ನು ಕರೆತಂದು ಅಂಗಳದ ಬೆಂಚಿನ ಮೇಲೆ ತಾನೂ ಕೂತ. ಟೋವಿ ಎದುರು ನಿಂತಳು. ಬ್ಲೂಮಾ ಬಾಗಿಲಲ್ಲಿ, ನಫ್ತಾಲಿ ಕೂರುತ್ತಿದ್ದ ಜಾಗದಲ್ಲಿ.

"ಈ ಹರಕೆ ಹೊತ್ತದ್ದಕ್ಕೆ ಪಶ್ಚಾತ್ತಾಪ ಇದೆಯೇನಮ್ಮ?" ಎಂದು ಹಿರಿಯ ಕೇಳಿದ. ಹಾಗೆಂದು ಒಪ್ಪಿಕೊಳ್ಳದೆ ಹರಕೆ ಬಿಚ್ಚುವಂತಿಲ್ಲ.

"ಇಲ್ಲ," ಎಂದಳು ಟೋವಿ.

ಮುದುಕರು ಮುಖ ಮುಖ ನೋಡಿಕೊಂಡರು. "ಇದೆ ಅನ್ನಬೇಕಮ್ಮ. ಇಲ್ಲ ಅಂದ್ರೆ ನಾವೇನು ಮಾಡೋಕಾಗುತ್ತೆ?"

"ಸುಳ್ಳು ಹೇಳಲಾ? ಅವನಿಗೋಸ್ಕರ ಬಿಟ್ಟಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ."

ಯೆಕೂತಿಯೇಲ್ ಬ್ಲೂಮಾಳ ಕಡೆ ನೋಡಿದ. ಅವಳು ಅಂಗಳಕ್ಕಿಳಿದು ಬಂದು ಹುಡುಗಿಯ ತೋಳು ಹಿಡಿದಳು.

"ಅವನು ಸಾಯ್ತಾನೆ ಅಂತ ಗೊತ್ತಿದ್ರೆ ಹೊರ್ತಿದ್ಯಾ? ಅಷ್ಟು ಹೇಳು ಸಾಕು."

ಟೋವಿ ಅಳತೊಡಗಿದಳು. "ಹೊರ್ತಿರಲಿಲ್ಲ. ಅವನು ಸತ್ತೋಗಿದಾನೆ ಅಂತ ಗೊತ್ತಿದ್ರೆ ಇಷ್ಟು ವರ್ಷ ಹೊರ್ತಿರಲಿಲ್ಲ. ಹೊತ್ತಿದ್ದು ಸಾಕು ಅನ್ಸುತ್ತೆ ಈಗ."

ಅಷ್ಟನ್ನೇ ಪಶ್ಚಾತ್ತಾಪವೆಂದು ಒಪ್ಪಿಕೊಂಡು ಮೂವರೂ ಒಟ್ಟಿಗೆ ಮೂರು ಸಲ ಹೇಳಿದರು: "ನಿನಗೆ ಬಿಡುಗಡೆ. ನಿನಗೆ ಬಿಡುಗಡೆ. ನಿನಗೆ ಬಿಡುಗಡೆ." ಆಮೇಲೆ ಸಬ್ಬತ್ತಿಗೆ ಹೊತ್ತಾಯಿತೆಂದು ಮುದುಕರಿಬ್ಬರೂ ಎದ್ದು ಹೋದರು.

ಟೋವಿ ಅಲ್ಲೇ ನಿಂತು ತನ್ನೂರಿಗೆ ಫೋನು ಮಾಡಿ ತಾಯಿಗೆ ಸುದ್ದಿ ಹೇಳಿದಳು: ಇವತ್ತು ಆ ಹೆಸರು ಬೇಡ, ಎಲ್ಲರಿಗೂ ತಿಳಿಸು. ಬ್ಲೂಮಾ ಒಳಗೆ ಹೋಗಿ ಬುಧವಾರ ಉಳಿದಿದ್ದ ಚಾಕಲೇಟ್ ಕೇಕಿನ ಒಂದು ದೊಡ್ಡ ತುಂಡು ಕತ್ತರಿಸಿ ಮೇಜಿನ ಮೇಲಿಟ್ಟು, ಎದುರಿಗೆ ಕೂತಳು.

"ತಿನ್ನು."

"ಈಗಲೇನಾ ಬ್ಲೂಮತ್ತೆ?"

"ನನ್ನೆದುರಿಗೇ ತಿನ್ನು. ನಾನು ನೋಡ್ಬೇಕು."

ಟೋವಿ ಒಂದು ಚೂರು ಮುರಿದು ಬಾಯಿಗಿಟ್ಟು, ಕಣ್ಣೀರು ಸುರಿಸುತ್ತ ಅಗಿದಳು. ಬ್ಲೂಮಾ ಅವಳ ಗಂಟಲನ್ನೇ ನೋಡುತ್ತಿದ್ದಳು. ಆ ತುತ್ತು ಇಳಿಯುವವರೆಗೂ ನಫ್ತಾಲಿ ಎದ್ದು ಬರಲಿ ಎಂದು ಹರಕೆ ಹೊತ್ತು ಕಾಯುವವಳು ಲೋಕದಲ್ಲಿ ಒಬ್ಬಳಾದರೂ ಇದ್ದಳು. ತುತ್ತು ಇಳಿಯಿತು. ಮಣ್ಣು ಮಾಡಿದ ದಿನ, ಏಳು ದಿನದ ಸೂತಕದಲ್ಲಿ, ಆರು ಬೇಸಿಗೆಗಳಲ್ಲಿ ಒಮ್ಮೆಯೂ ಬಾಯಿಬಿಟ್ಟು ಅಳದಿದ್ದ ಬ್ಲೂಮಾ ಹಿಟ್ಟು ಮೆತ್ತಿದ ಕೈಗಳಿಂದ ಮುಖ ಮುಚ್ಚಿಕೊಂಡು, ಕೆಳಗಿನ ಗೋರಿಗುಡ್ಡದವರೆಗೂ ಕೇಳುವಂತೆ ಮಗನ ಹೆಸರು ಕೂಗಿ ಅತ್ತಳು.