ತನ್ನ ಪಾಠವನ್ನೇ ಬಿಟ್ಟುಕೊಟ್ಟ ಲೆಪೆಕಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸವಾಯಿ ದ್ವೀಪದ ದಂಡೆಯಲ್ಲಿ ಕಡಲು ಹಿಂದೆ ಸರಿದಿರುವ ಹೊತ್ತು. ಉಟ್ಟ ಲಾವಾಲಾವಾ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡ ಲೆಪೆಕಾ ತುಯಿಲೋಮಾ ಹವಳದ ದಿಬ್ಬದ ಮೇಲೆ ಹುಷಾರಾಗಿ ಹೆಜ್ಜೆ ಇಡುತ್ತಿದ್ದಾರೆ. ಹಿಂದೆ ಆಕಳಿಸುತ್ತ ಬರುವ ಕಾಲೇಜು ಹುಡುಗಿಯರ ದಂಡು. "ಏಡಿಗಳೆಲ್ಲ ಎದ್ದಾಯ್ತು ಕಣ್ರೇ, ನೀವಿನ್ನೂ ಎದ್ದಿಲ್ವಲ್ಲ!" ಎಂದು ಗದರುತ್ತಾರೆ.

ಇಡೀ ವರ್ಷ ಈ ಮಕ್ಕಳಿಗೆ ಇದೊಂದೇ ದಿಬ್ಬ, ತಲಾ ಒಂದು ನೀರುಹೊಂಡ; ಅದರಲ್ಲಿರುವುದನ್ನೇ ದಿನವೂ ನೋಡಿ ಕಲಿಯಬೇಕು. ಮೊದಲು ಹೀಗಿರಲಿಲ್ಲ. ಶಿಕ್ಷಕರನ್ನು ತಯಾರು ಮಾಡುವ ಈ ಸಣ್ಣ ಕಾಲೇಜಿನಲ್ಲಿ ಮೂವತ್ತು ಚಿಲ್ಲರೆ ವಿಷಯಗಳಿದ್ದವು. ಹಿರಿಯರೊಬ್ಬರು ಹೊಸ ಪಾಠ ತಂದರೆ ಬೇಡವೆನ್ನುವುದು ಇಲ್ಲಿ ಮರ್ಯಾದೆಯಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋದಕ್ಕೆ ಜಾಗವಿಲ್ಲ ಅನ್ನುವಂತೆ ವೇಳಾಪಟ್ಟಿ ಉಬ್ಬಿತು. ಮಕ್ಕಳಿಗೆ ಯಾವುದೂ ತಲೆಗೆ ಇಳಿಯಲಿಲ್ಲ.

ಲೆಪೆಕಾ ಇಪ್ಪತ್ತು ವರ್ಷ ಚಾಪೆ ಹೆಣೆಯುವುದನ್ನು ಕಲಿಸಿದವರು, ವಾರಕ್ಕೊಂದು ತಾಸು. "ಒಳ್ಳೆ ಚಾಪೆಗೆ ತಿಂಗಳುಗಟ್ಟಲೆ ಬೇಕು. ನನ್ ಮಕ್ಳು ಅಂಗೈ ಅಗಲ ಹೆಣೆದು ಪಾಸಾಗ್ತಿದ್ರು. ಅದ್ರ ಮೇಲೆ ಇಲೀನೂ ಮಲಗಲ್ಲ" ಎಂದು ನಗುತ್ತಾರೆ.

ವಿಷಯ ಕಡಿಮೆ ಮಾಡಿ ಆಳವಾಗಿ ಕಲಿಸೋಣ ಎಂದು ಹೋದ ವರ್ಷ ಎಲ್ಲರೂ ಒಪ್ಪಿದರು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರಾರು? ಸಭೆಯಲ್ಲಿ ಸುತ್ತ ಕೂತವರೆಲ್ಲ ನೆಲ ನೋಡತೊಡಗಿದರು. ಇನ್ನೊಬ್ಬರ ಪಾಠ ತೆಗೆಯಿರಿ ಎನ್ನಲು ಇಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಕೊನೆಗೆ ಲೆಪೆಕಾ, "ನಂದು ತೆಗೀರಿ" ಎಂದುಬಿಟ್ಟರು. ಒಬ್ಬರು ಕೊಟ್ಟ ಮೇಲೆ ಉಳಿದವರು ಕೈಕಟ್ಟಿ ಕೂರುವಂತಿಲ್ಲ. ಒಬ್ಬೊಬ್ಬರಾಗಿ ಅವರೂ ಕೊಟ್ಟರು. ಐದು ವಿಷಯ ಉಳಿದವು. ಚಾಪೆ ಉಳಿಯಲಿಲ್ಲ.

"ಮನೆಗೆ ಹೋಗಿ ಗೊಳೋ ಅಂತ ಅತ್ತುಬಿಟ್ಟೆ. ನಮ್ಮೆಜಮಾನ್ರು, 'ನೀನೇ ಕೊಟ್ಟು ನೀನೇ ಅಳ್ತೀಯಲ್ಲೇ' ಅಂದ್ರು. ಮತ್ತೆ, ಕೊಟ್ಟೋಳೇ ತಾನೆ ಅಳ್ಬೇಕು?"

ಈಗವರು, ಉಳಿದ ಐದರಲ್ಲೊಂದಾದ ಕಡಲಿನ ಪಾಠ ಮಾಡುವ ಕಿರಿಯ ಮೇಷ್ಟ್ರು ಇಯೋಸುವಾನಿಗೆ ಸಹಾಯಕಿ. ಒಂದು ಕಾಲದಲ್ಲಿ ಆತ ಇವರದೇ ಶಿಷ್ಯ. "ಮೇಡಂ, ಹೋಂವರ್ಕ್ ಆಯ್ತಾ?" ಎಂದು ರೇಗಿಸುತ್ತಾನೆ. "ನೀನು ಹೆಣೆದ ಚಾಪೆ ಎಲ್ಲಪ್ಪಾ, ಮೊದ್ಲು ಅದನ್ನ ತೋರ್ಸು" ಎಂದು ಇವರು ಅವನ ಬಾಯಿ ಮುಚ್ಚಿಸುತ್ತಾರೆ. ಆದರೆ ಬಿಟ್ಟುಕೊಟ್ಟದ್ದು ಸರಿಯಾಯಿತೇ ಎಂಬ ಕೊರೆತ ಇನ್ನೂ ಹೋಗಿಲ್ಲ.

ಬಿಸಿಲೇರುತ್ತದೆ, ನೀರೂ ಏರತೊಡಗುತ್ತದೆ. ಪಾಠ ಮುಗಿಯಿತೆಂದು ಇಯೋಸುವಾ ಕೂಗಿದ್ದೇ ತಡ, ಹುಡುಗಿಯರು ದಡದಲ್ಲಿರುವ ಬಿಸಿ ಕೋಕೋದ ಕಡೆ ಓಡುತ್ತಾರೆ. ತಿರೇಸಾ ಎಂಬುವಳು ಮಾತ್ರ ತನ್ನ ಹೊಂಡದ ಮೇಲೆ ಬಗ್ಗಿಯೇ ಇದ್ದಾಳೆ. ತಿಂಗಳುಗಳಿಂದ ದಿನವೂ ಕಂಡ ಹೊಂಡ ಅದು.

"ಏಳೇ, ನೀರು ಬಂತು."

"ಒಂದ್ನಿಮಿಷ ಮೇಡಂ, ಇನ್ನೂ ನೋಡಿ ಮುಗಿದಿಲ್ಲ."

ಲೆಪೆಕಾ ಅವಳನ್ನು ಎಬ್ಬಿಸುವುದಿಲ್ಲ. ಬಟ್ಟೆ ನೆನೆದರೂ ಪಕ್ಕದಲ್ಲೇ ಕೂರುತ್ತಾರೆ. ಆಮೇಲೆ, ಹುಡುಗಿಗೆ ಕೇಳಿಸದ ಹಾಗೆ, ಮೆಲ್ಲಗೆ ತಮಗೆ ತಾವೇ ಹೇಳಿಕೊಳ್ಳುತ್ತಾರೆ: "ಇಪ್ಪತ್ತು ವರ್ಷ ಕಲಿಸಿದೀನಿ. 'ಇನ್ನೂ ಮುಗಿದಿಲ್ಲ' ಅನ್ನೋ ಮಾತನ್ನ ನಂಗೆ ಯಾರೂ ಹೇಳಿರ್ಲಿಲ್ಲ."