ಮುದ್ದೆ ಅಗಿಯುವ ನಾಯಿ

ಆ ಕಾಲದ ಪೀಣ್ಯದಲ್ಲಿ ಶೆಡ್ಡುಗಳಿಗಿಂತ ಗುಂಡಿಗಳೇ ಹೆಚ್ಚು. ನಾನು ಟೈಪಿಸ್ಟ್ ಆಗಿ ಸೇರಿದ್ದ ಕಾರ್ಖಾನೆಯ ಹಿತ್ತಲಲ್ಲೂ ಹೊಸ ಪ್ರೆಸ್ ಯಂತ್ರ ಕೂರಿಸಲು ಆಳೆತ್ತರದ ಗುಂಡಿ ತೋಡಿಸಿದ್ದರು. ಪ್ರೆಸ್ ಬರುವ ಮೊದಲೇ ಅದರೊಳಗೆ ಒಂದು ಬೀದಿನಾಯಿಯ ಮರಿ ಬಿತ್ತು. ನಮ್ಮ ಇಬ್ಬರು ಎಂಜಿನಿಯರುಗಳು ಅಂಚಿನಲ್ಲಿ ನಿಂತು, ಚೈನ್ ಪುಲ್ಲಿಯನ್ನು ಎಲ್ಲಿ ಕಟ್ಟಬೇಕೆಂದು ಗಂಭೀರವಾಗಿ ಚರ್ಚಿಸತೊಡಗಿದರು. ಟನ್ನುಗಟ್ಟಲೆ ಕಬ್ಬಿಣ ಎತ್ತುವ ಸರಪಳಿ, ಅಂಗೈಯಗಲದ ಮರಿಗೆ! ನನಗೆ ಮೈಯೆಲ್ಲ ಉರಿಯಿತು. ವೆಲ್ಡರ್ ಕೈಲಿ ಏಣಿ ಇಡಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದೆ. ಮರಿಯನ್ನು ಗೋಣಿಚೀಲಕ್ಕೆ ಹಾಕಿಕೊಂಡು ಮೇಲೆ ಬಂದಾಗಲೂ ಅವರ ಚರ್ಚೆ ಮುಗಿದಿರಲಿಲ್ಲ.

ಅದನ್ನು ಮನೆಗೆ ಒಯ್ಯುವ ಮಾತೇ ಇರಲಿಲ್ಲ. ಮಡಿಯ ಹೊತ್ತಿನಲ್ಲಿ ಅಮ್ಮ ಅಪ್ಪನನ್ನೇ ಅಡುಗೆಮನೆಗೆ ಬಿಡುತ್ತಿರಲಿಲ್ಲ, ಇನ್ನು ನಾಯಿಯನ್ನು ಬಿಟ್ಟಾಳೆಯೆ? ಹೀಗಾಗಿ ಅದು ಕಾರ್ಖಾನೆಯಲ್ಲೇ, ನನ್ನ ಡಬ್ಬಿಯ ಮೊಸರನ್ನ ತಿಂದುಕೊಂಡು ಬೆಳೆಯಿತು. ಸಾಸಿವೆ ಒಗ್ಗರಣೆ ಇಲ್ಲದ ದಿನ ಮೂಸಿ ನೋಡಿ, ನನ್ನ ಕಡೆ ಒಂದು ನೋಟ ಎಸೆದು, ದೂರ ಹೋಗಿ ಕೂರುತ್ತಿತ್ತು. ತಾನು ಬೀದಿನಾಯಿ ಅನ್ನುವುದು ಅದಕ್ಕೆ ಮರೆತೇಹೋಗಿತ್ತು.

ಒಂದು ದಿನ ದೊಡ್ಡ ಆರ್ಡರು ಕೊಡಬೇಕಿದ್ದ ಅಧಿಕಾರಿಯೊಬ್ಬರು ಬಂದರು. ನಮ್ಮ ಮಾಲೀಕರು ಅವರ ಬೂಟು ಬಿಚ್ಚಿಸಿ, ಗಣಪತಿ ಫೋಟೋದ ಮುಂದೆ ನಿಲ್ಲಿಸಿ, ಮಂಗಳಾರತಿ ಕೊಡಿಸುವಷ್ಟರಲ್ಲಿ ನಾಯಿ ಎಡಗಾಲಿನ ಬೂಟನ್ನು ಮುಗಿಸಿತ್ತು. ಅಧಿಕಾರಿಗಳು ವಾಚ್‌ಮನ್ನನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಕಾರು ಹತ್ತಿದರು. ಆರ್ಡರು ಬರಲೇ ಇಲ್ಲ.

"ಶನಿವಾರದ ಒಳಗೆ ಇದು ಇಲ್ಲಿರಬಾರದು. ಇಲ್ಲಾಂದ್ರೆ ನಾಯಿ ಹಿಡಿಯೋ ವ್ಯಾನಿಗೆ ಫೋನ್ ಮಾಡ್ತೀನಿ," ಎಂದರು ಮಾಲೀಕರು.

ಆ ವ್ಯಾನು ಹತ್ತಿದ ನಾಯಿ ಮತ್ತೆ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಇದನ್ನು ಸಾಕಿಕೊಳ್ಳಿ ಎಂದು ನಾನು ಎಲ್ಲರ ಕೈಕಾಲು ಹಿಡಿದೆ. ಅಲ್ಲಿಯವರೆಗೆ ಅದರ ತಲೆ ಸವರಿ ಮುದ್ದು ಮಾಡುತ್ತಿದ್ದವರಿಗೆಲ್ಲ ಇದ್ದಕ್ಕಿದ್ದಂತೆ ಸಿಡುಕಿನ ಮನೆ ಓನರು ಹುಟ್ಟಿಕೊಂಡರು. ಸ್ವಂತ ಮನೆಯಿದ್ದ ಎಂಜಿನಿಯರಿಗೆ ಓನರ ನೆಪ ಹೇಳಲಾಗದೆ ಆಸ್ತಮಾ ಬಂತು.

ಕೊನೆಗೆ ಒಪ್ಪಿದವರು ಕಾಂಪೌಂಡಿನ ಆಚೆಯ ಅಜ್ಜಿ. ಅವರ ಹೊಲದ ಬಹುಪಾಲು ಕಾರ್ಖಾನೆಗಳಿಗೆ ಹೋಗಿತ್ತು. ಉಳಿದ ತುಂಡಿನಲ್ಲಿ ರಾಗಿ ಬೆಳೆದರೆ, ಬೆಳಗಿನ ಶಿಫ್ಟಿನ ಗಂಡಸರು ಚೊಂಬು ಹಿಡಿದು ಅದರೊಳಗೇ ನುಗ್ಗುತ್ತಿದ್ದರು. ಅವರನ್ನು ಅಟ್ಟಲು ಅಜ್ಜಿಗೆ ನಾಯಿ ಬೇಕಿತ್ತು. ಗುರುವಾರ ಬಿಟ್ಟು ಬಂದೆ. ಶನಿವಾರ ಬೆಳಿಗ್ಗೆ ಅಜ್ಜಿ ಕಾಂಪೌಂಡಿನ ಮೇಲಿಂದಲೇ ಕೂಗಿ ಹೇಳಿದರು: ನಾಯಿ ಏನೂ ತಿಂದಿಲ್ಲ, ಸತ್ತುಗಿತ್ತರೆ ನನ್ನ ತಲೆಗೆ ಬರುತ್ತದೆ, ಬಂದು ಕರಕೊಂಡು ಹೋಗು. ಕರಕೊಂಡು ಬಂದರೆ ಸಂಜೆಗೆ ವ್ಯಾನು. ಅರ್ಧ ದಿನದ ಡ್ಯೂಟಿ ಮುಗಿದದ್ದೇ ಡಬ್ಬಿ ಹಿಡಿದು ಓಡಿದೆ.

ನಾಯಿ ಜಗಲಿಯ ಕೆಳಗೆ ಕೂತು, ಬಾಯಿಯ ಮೇಲ್ಭಾಗಕ್ಕೆ ಅಂಟಿದ ರಾಗಿಮುದ್ದೆಯನ್ನು ಮುಂಗಾಲಿನಿಂದ ಕೆರೆದು ತೆಗೆಯಲು ಒದ್ದಾಡುತ್ತಿತ್ತು.

"ನಿನ್ ನಾಯಿ ಮುದ್ದೆ ಅಗೀತೈತೆ ಕಣವ್ವ," ಎಂದರು ಅಜ್ಜಿ, ಪೊಲೀಸರಿಗೆ ದೂರು ಕೊಡುವ ದನಿಯಲ್ಲಿ.

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನಾನು ಹೇಗೆ ತಾನೆ ಕಲಿಸಲಿ? ನಾನೂ ಅಗಿಯುವವಳೇ. ಸುಮ್ಮನೆ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ನಾಯಿಯ ಬಾಲ ನೆಲ ಬಡಿಯತೊಡಗಿತು. ಅಜ್ಜಿ ನನ್ನ ಕೈಯ ಮೇಲೆ ಕೈ ಇಟ್ಟು ಒತ್ತಿದರು.

"ನೀನು ಇದ್ನ ಸಾಕಾಕ್ ಬಂದಿದ್ದೀಯೋ, ಬಿಟ್ಟೋಗಾಕ್ ಬಂದಿದ್ದೀಯೋ? ಈ ಡಬ್ಬಿ ಬರ್ತಿರೋಗಂಟ ಅದು ನಮ್ಮನೇಲಿ ಉಣ್ಣಾಕಿಲ್ಲ."

ಮುಚ್ಚಳದಿಂದ ಕೈ ತೆಗೆದೆ. ಅಜ್ಜಿ ನನ್ನನ್ನು ಎಳೆದು ಕೂರಿಸಿ, ತಟ್ಟೆಗೆ ಮುದ್ದೆ ಇಟ್ಟು ಸಾರು ಸುರಿದರು. ಸಾರಿನಲ್ಲಿ ಏನಿದೆ ಎಂದು ಕೇಳುವ ಧೈರ್ಯವಾಗಲಿಲ್ಲ. ಹುರುಳಿಕಾಳು ಕಂಡ ಮೇಲೆ ಉಸಿರು ಬಿಟ್ಟೆ. ಆಮೇಲೆ ಅವರು ನಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅದರ ತಟ್ಟೆಯ ಮುದ್ದೆಯನ್ನು ಚೂರು ಮುರಿದು, ಸಾರಿನಲ್ಲಿ ಹೊರಳಿಸಿ, ಅದರ ನಾಲಿಗೆಯ ಹಿಂಭಾಗಕ್ಕೆ ಇಟ್ಟು ಗಂಟಲು ನೀವಿದರು. ಗುಳಕ್ಕನೆ ಇಳಿಯಿತು. ನಾಯಿ ಬೆರಗಾಗಿ ಅವರ ಮುಖ ನೋಡಿತು. ಮತ್ತೊಂದು ಚೂರು ಇಳಿಯಿತು. ಆಮೇಲಿನದಕ್ಕೆ ಅದೇ ಬಾಯಿ ತೆರೆಯಿತು. ಕೊನೆಗೆ ತಟ್ಟೆಗೇ ಮೂತಿ ಹಾಕಿ, ನನ್ನ ಕಡೆ ತಿರುಗಿಯೂ ನೋಡದೆ, ಉಳಿದದ್ದನ್ನೆಲ್ಲ ನುಂಗಿ ಮುಗಿಸಿತು.

ನನ್ನ ಬಾಯಲ್ಲಿ ಮಾತ್ರ ಮೊದಲ ತುತ್ತು ಹಾಗೆಯೇ ಇತ್ತು. ನೀನೂ ನುಂಗವ್ವ ಎಂದು ಅಜ್ಜಿ ನಕ್ಕರು. ನನಗೆ ನುಂಗಲು ಬರುತ್ತಿರಲಿಲ್ಲ. ನಾಯಿ ಬದುಕಿತು ಎಂದು ಖುಷಿಪಡಬೇಕಾದವಳು, ನನಗೋಸ್ಕರ ಇನ್ನೊಂದು ದಿನ ಉಪವಾಸ ಇದ್ದಿದ್ದರೆ ಇದರ ಗಂಟೇನು ಹೋಗುತ್ತಿತ್ತು ಎಂದು ಹೊಟ್ಟೆ ಉರಿಸಿಕೊಂಡೆ.

ರಾಗಿ ಕುಯ್ಲು ಮುಗಿಯುವ ತನಕ ಈ ಕಡೆ ತಲೆ ಹಾಕಬೇಡ ಎಂದು ಹೇಳಿ ಅಜ್ಜಿ ನನ್ನನ್ನು ಕಳಿಸಿದರು. ನಾಯಿ ಬೇಲಿಯವರೆಗೂ ನನ್ನ ಕಾಲಿಗೆ ಸುತ್ತಿಕೊಂಡೇ ಬಂತು. ಹಿಂದಿನಿಂದ ಅಜ್ಜಿ ಒಂದೇ ಸಲ, ಅದೂ ಮೆಲ್ಲಗೆ, "ಬಾ ಇಲ್ಲಿ" ಎಂದರು.

ನಾಯಿ ತಿರುಗಿ ಹೋಗಿಬಿಟ್ಟಿತು.